ದಾವಣಗೆರೆಗೆ ಬಂದ ಗೇಣುದ್ದದ ಶಾರ್ಕುಗಳು

ದಾವಣಗೆರೆಯಲ್ಲಿ ಕೂತು ಸಮುದ್ರದ ಶಾರ್ಕು ಎಣಿಸುತ್ತೇನೆಂದು ಹೊರಟವನಿಗೆ ದಿನಕ್ಕೊಂದು ಪ್ರಸಂಗ ಆಗದೆ ಇನ್ನೇನಾದೀತು? ನನಗಂತೂ ಆಗುತ್ತಲೇ ಇದ್ದವು. ನಮ್ಮೂರಿನಿಂದ ಸಮುದ್ರ ನೋಡಬೇಕಾದರೆ ಇಡೀ ಹಗಲು ಬಸ್ಸಿನಲ್ಲಿ ಕುಲುಕಾಡುತ್ತಾ ಘಟ್ಟ ಇಳಿಯಬೇಕು. ನಾನು ಇಳಿದವನಲ್ಲ. ಸಮುದ್ರವನ್ನು ಕ್ಯಾಲೆಂಡರಿನ ಚಿತ್ರದಲ್ಲಿ ಮಾತ್ರ ನೋಡಿದ್ದೆ. ಆದರೂ ಆ ಕಾಲಕ್ಕೆ, ಅಂದರೆ ಐವತ್ತರ ದಶಕ ಮುಗಿದು ಅರವತ್ತು ಶುರುವಾದ ಹೊತ್ತಿಗೆ, ಅರಬ್ಬೀ ಸಮುದ್ರದ ನೂರೈವತ್ತು ಮಾರು ಆಳದಲ್ಲಿ ಯಾರು ಯಾರು ವಾಸವಾಗಿದ್ದಾರೆ ಎಂದು ಇಡೀ ಜಿಲ್ಲೆಯಲ್ಲಿ ಹೇಳಬಲ್ಲವನು ನಾನೊಬ್ಬನೇ!

ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ನಾನು ಡೆಮಾನ್‌ಸ್ಟ್ರೇಟರ್. ಕೆಲಸ ತಾತ್ಕಾಲಿಕ. ಜೂನ್ ಬಂತೆಂದರೆ ಮುಂದುವರಿಸುತ್ತಾರೋ ಮನೆಗೆ ಕಳಿಸುತ್ತಾರೋ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಹೀಗಿರುವಾಗ ನನ್ನ ಜೊತೆ ಓದಿದ ಗೆಳೆಯನೊಬ್ಬ ಪಡುಗಡಲಲ್ಲಿ ಮೀನು ಹುಡುಕುವ ಹಡಗಿನಲ್ಲಿ ಕೆಲಸಕ್ಕೆ ಸೇರಿ ಕಾಗದ ಬರೆದ. 'ಆಳದಲ್ಲಿ ಬಲೆ ಎಳೆದಾಗ ಗೇಣುದ್ದದ ಒಂದು ಶಾರ್ಕು ಸಿಗುತ್ತದೆ. ಖಲಾಸಿಗಳು ವಾಪಸ್ ನೀರಿಗೆ ಬಿಸಾಡುತ್ತಾರೆ. ಅದು ಎಷ್ಟು ಆಳದಲ್ಲಿ ಇದೆ, ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ಯಾರೂ ನೋಡಿಲ್ಲ. ನಾನು ಕಳಿಸುತ್ತೇನೆ, ನೀನು ನೋಡುತ್ತೀಯಾ?'

ನಾನು ಕಾಗದ ಹಿಡಿದುಕೊಂಡು ನಮ್ಮ ವಿಭಾಗದ ಮುಖ್ಯಸ್ಥರ ಕೋಣೆಗೆ ಓಡಿದೆ. ಅವರು ಮೈಸೂರು ಕಡೆಯವರು, ಮಹಾ ಉತ್ಸಾಹಿಗಳು. ಓದುತ್ತಲೇ ಕುರ್ಚಿಯಿಂದ ಎದ್ದು ನಿಂತರು. "ಯಾರೂ ಮಾಡಿಲ್ಲ ಕಣಯ್ಯ! ಇದು ಅಚ್ಚಾದರೆ ನೀನು ಲೆಕ್ಚರರ್. ನಿನ್ನ ಕೆಲಸ ಖಾಯಂ ಮಾಡಿಸೋದು ನನ್ನ ಜವಾಬ್ದಾರಿ."

"ಆಗದಿದ್ದರೆ ಸಾರ್?"

"ಜೂನ್‌ಗೆ ಭಾನುವಳ್ಳಿ."

ಭಾನುವಳ್ಳಿ ನನ್ನೂರು. ಹೊಲಕ್ಕೆ ನಾಲೆ ನೀರು ಬಂದ ಮೇಲೆ ಅಪ್ಪ ನನ್ನ ಕೆಲಸ ಯಾವಾಗ ಹೋಗುತ್ತದೋ ಎಂದು ಕಾಯುತ್ತಿದ್ದರು. "ಕಪ್ಪೆ ಕೊಯ್ಯೋದು ಬಿಟ್ಟು ಬಾರೋ, ಭತ್ತ ಕೊಯ್ಯೋಣು" ಎಂದು ಹೋದಾಗಲೆಲ್ಲ ಕರೆಯುತ್ತಿದ್ದರು. ಒಟ್ಟಿನಲ್ಲಿ ನನ್ನ ಹಣೆಬರಹ ಒಂದು ಗೇಣುದ್ದದ ಮೀನಿನ ಮೇಲೆ ನಿಂತಿತು.

ಹರಿಹರದ ಪಾರ್ಸಲ್ ಆಫೀಸಿನಲ್ಲಿ

ಭಾನುವಳ್ಳಿಗೆ ಹತ್ತಿರದ ಸ್ಟೇಷನ್ನು ಹರಿಹರ. ಅದು ನನ್ನ ಗೆಳೆಯನ ತಲೆಯಲ್ಲಿ ಉಳಿದಿತ್ತು. ನಾನಿರುವುದು ದಾವಣಗೆರೆಯಲ್ಲಿ ಎಂದು ಗೊತ್ತಿದ್ದೂ ಮೊದಲ ಡಬ್ಬಿಯನ್ನು ಅಭ್ಯಾಸಬಲದಿಂದ ಹರಿಹರಕ್ಕೆ ಬುಕ್ ಮಾಡಿದ. ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ದಪ್ಪಕ್ಷರದಲ್ಲಿ 'ಶಾರ್ಕುಗಳು' ಎಂದು ಬರೆದಿದ್ದ.

ನಾನು ಹೋಗುವಷ್ಟರಲ್ಲಿ ಸ್ಟೇಷನ್ನಿನಲ್ಲಿ ಜಾತ್ರೆಯಷ್ಟು ಜನ! ಮನುಷ್ಯರನ್ನು ನುಂಗುವ ಮೀನು ರೈಲಿನಲ್ಲಿ ಬಂದಿದೆಯೆಂದು ಸುದ್ದಿ ಹಬ್ಬಿ, ಪೇಟೆಯವರೆಲ್ಲ ಅಂಗಡಿ ಬಿಟ್ಟು ಬಂದಿದ್ದರು. ಪಾರ್ಸಲ್ ಗುಮಾಸ್ತರು ಡಬ್ಬಿಯಿಂದ ನಾಲ್ಕು ಮಾರು ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಸಾರ್, ಜೀವಂತ ಅದಾವೋ ಸತ್ತಾವೋ?" ಎಂದರು.

"ಸತ್ತಾವ್ರೀ."

"ಗ್ಯಾರಂಟಿ?"

"ಗ್ಯಾರಂಟಿ."

"ಹಂಗಾದ್ರೆ ಇಲ್ಲೇ ತೆಗೆದು ತೋರಿಸ್ರಿ. ನೋಡದೆ ನಾನು ಸಹಿ ಹಾಕಂಗಿಲ್ಲ."

ಗುಮಾಸ್ತರಿಗಿಂತ ನನಗೇ ಹೆಚ್ಚು ಆತುರ. ಅಲ್ಲಿಯವರೆಗೆ ನಾನೂ ಅದನ್ನು ಕಣ್ಣಿಂದ ನೋಡಿರಲಿಲ್ಲವಲ್ಲ! ಮುಚ್ಚಳ ಎಬ್ಬಿಸಿದೆ. ಫಾರ್ಮಲಿನ್ ವಾಸನೆಗೆ ಮುಂದಿನ ಸಾಲಿನವರೆಲ್ಲ ಕಣ್ಣೊರೆಸಿಕೊಂಡು ಹಿಂದೆ ಸರಿದರು, ಹಿಂದಿನವರು ಮುಂದೆ ಬಂದರು. ಬಟ್ಟೆಯ ಗಂಟು ಬಿಚ್ಚಿ ಬಾಲ ಹಿಡಿದು ಒಂದನ್ನು ಎತ್ತಿದೆ. ಕಂದು ಬಣ್ಣ, ಬೆಕ್ಕಿನಂಥ ಕಣ್ಣು, ಬಾಲದ ಮೇಲೆ ಕಪ್ಪು ಪಟ್ಟೆ. ಅಷ್ಟು ಚಂದದ ಪ್ರಾಣಿಯನ್ನು ನಾನು ನೋಡಿಯೇ ಇರಲಿಲ್ಲ!

ಜನ ಮಾತ್ರ ಇನ್ನೂ ದೊಡ್ಡದೇನಾದರೂ ಇದೆಯೇ ಎಂದು ಡಬ್ಬಿಯೊಳಗೆ ಇಣುಕಿದರು.

"ಇದಾ?" ಎಂದರು ಗುಮಾಸ್ತರು. "ನಮ್ಮ ಹೊಳ್ಯಾಗಿನ ಬಾಳೆಮೀನು ಇದಕ್ಕೆ ಅಪ್ಪ ಆಗ್ತೈತೆ."

"ಮರಿ ಇರಬೇಕು. ದೊಡ್ಡದಾದ ಮ್ಯಾಲೆ ಕರಸ್ರಿ," ಎಂದ ಯಾರೋ ಹಿಂದಿನಿಂದ.

"ಮರಿ ಅಲ್ರೀ, ಇದು ಅಜ್ಜಿ! ಇದಕ್ಕಿಂತ ದೊಡ್ಡದು ಆಗಂಗೇ ಇಲ್ಲ, ಅದೇ ಇದರ ವಿಶೇಷ!" ಎಂದು ನಾನು ಸಂಭ್ರಮದಿಂದ ಕೂಗಿದೆ.

ಆ ಮಾತಿನಿಂದ ಜನಕ್ಕೆ ಇನ್ನಷ್ಟು ಸಿಟ್ಟು ಬಂತು. ಕಿರಾಣಿ ಅಂಗಡಿಯ ಯಜಮಾನರೊಬ್ಬರು ಗುಮಾಸ್ತರ ಮೇಜಿನ ಮೇಲೆ ಚೀಟಿ ಇಟ್ಟು ಹೇಳಿದರು: "ಸಾರ್, ಈ ಪ್ಲಾಟ್‌ಫಾರಂ ಟಿಕೆಟ್ ವಾಪಸ್ ತಗೋರಿ. ನಾವು ಮೋಸ ಹೋಗೀವಿ."

ಮಂಡಿಯಲ್ಲಿ ಕಲಿತ ಸಮುದ್ರಶಾಸ್ತ್ರ

ಡಬ್ಬಿ ಕಾಲೇಜಿಗೆ ಬಂತು, ನಾಲ್ಕೇ ದಿನಕ್ಕೆ ಹೊರಗೂ ಬಿತ್ತು. ನಮ್ಮ ಸಾಮಾನಿನ ಕೋಣೆಯ ಪಕ್ಕವೇ ಪ್ರಿನ್ಸಿಪಾಲರ ಕೋಣೆ. ಆಡಳಿತ ಮಂಡಳಿಯ ಸಭೆಯಲ್ಲಿ ವಾಸನೆಗೆ ಎಲ್ಲರ ಕಣ್ಣಲ್ಲೂ ನೀರು ಬಂದು, ಕಟ್ಟಡದ ಬಗ್ಗೆ ಪ್ರಿನ್ಸಿಪಾಲರು ಮಾಡಿದ ಭಾಷಣಕ್ಕೆ ಸದಸ್ಯರ ಮನಸ್ಸು ಅಷ್ಟು ಕರಗಿತೆಂದು ಮೊದಲು ಎಲ್ಲರೂ ತಿಳಿದಿದ್ದರಂತೆ. ನಿಜ ಗೊತ್ತಾದ ಮೇಲೆ ಡಬ್ಬಿ ನನ್ನ ಬಾಡಿಗೆ ಕೋಣೆಗೆ ಬಂತು.

ಕೋಣೆ ಇದ್ದದ್ದು ಒಬ್ಬ ದಲ್ಲಾಳಿ ಸಾವ್ಕಾರರ ಮನೆಯ ಹಿತ್ತಲಲ್ಲಿ. ಶೇಂಗಾ, ಹತ್ತಿ ಅವರ ವ್ಯವಹಾರ. ತಲೆತಲಾಂತರದಿಂದ ಶಿವಭಕ್ತರ ಮನೆ. ಮೊಟ್ಟೆ ಎಂಬ ಮಾತನ್ನೂ ಆ ಅಂಗಳದಲ್ಲಿ ಆಡುವ ಹಾಗಿರಲಿಲ್ಲ. ಮುಚ್ಚಿಡುವುದು ನನ್ನಿಂದಾಗದೆ ಸಾವ್ಕಾರರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ.

ಅವರು ಡಬ್ಬಿಗೆ ಒಂದು ಸುತ್ತು ಬಂದು ಕೇಳಿದರು: "ತಿನ್ನಾಕ?"

"ಶಿವ ಶಿವಾ! ಇಲ್ರೀ."

"ಮಾರಾಕ?"

"ಅಲ್ರೀ. ಎಣಿಸಾಕ."

"ತಿನ್ನಂಗಿಲ್ಲ, ಮಾರಂಗಿಲ್ಲ, ಬರೇ ಎಣಿಸೋದು! ಹಂಗಾದ್ರೆ ಪಾಪ ಏನೂ ಇಲ್ಲ ಬಿಡ್ರಿ, ಲಾಭಾನೂ ಇಲ್ಲ. ಇಟ್ಕೊಳ್ರಿ. ನಮ್ಮ ಅವ್ವಗೆ ಮಾತ್ರ ಹೇಳಬ್ಯಾಡ್ರಿ. ಕಾಲೇಜಿನ ಔಷಧಿ ಅಂತ ನಾನೇ ಹೇಳ್ತೀನಿ."

ಮರುದಿನ ಅವರೇ ಕೋಣೆಗೆ ಬಂದರು, ಕುತೂಹಲ ತಡೆಯದೆ. "ಮೇಷ್ಟ್ರೇ, ಡಬ್ಬಿಯಾಗೆ ಹತ್ತು ಅದಾವೆ. ಸಮುದ್ರದಾಗೆ ಎಷ್ಟದಾವೆ ಅಂತ ಹೆಂಗೆ ಹೇಳ್ತೀರಿ?"

ನಾನು ಉತ್ಸಾಹದಿಂದ ವಿವರಿಸಿದೆ. ಒಂದೊಂದು ಆಳದಲ್ಲೂ ಒಂದೊಂದು ತಾಸು ಬಲೆ ಎಳೆಯುತ್ತಾರೆ. ಒಂದೆಳೆತದ ಮೀನೆಲ್ಲ ಒಂದು ಗಂಟು. ಪ್ರತಿಯೊಂದರ ಬಾಲಕ್ಕೂ ಆಳ ಬರೆದ ಚೀಟಿ ಕಟ್ಟುತ್ತಾರೆ. ಒಂದಕ್ಕೊಂದು ಹೋಲಿಸಿ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ಹೇಳುತ್ತೇವೆ.

"ಬಲೆ ಎಷ್ಟು ಆಳಕ್ಕೆ ಹೋಗೈತೆ?"

"ನೂರು ಮಾರು."

"ಅದರ ಕೆಳಗೆ ಸಮುದ್ರ ಐತೋ ಇಲ್ಲೋ?"

"ಐತೆ."

"ನಡೀರಿ ನನ್ನ ಜತೆ," ಎಂದು ಕೈಹಿಡಿದು ಮಂಡಿಗೆ ಎಳೆದುಕೊಂಡು ಹೋದರು.

ಅಲ್ಲಿ ಆಗತಾನೆ ಬಂದ ಶೇಂಗಾ ಚೀಲಗಳಿದ್ದವು. ಒಂದರ ಬಾಯಿ ಬಿಚ್ಚಿಸಿ ಒಂದು ಹಿಡಿ ತೆಗೆದು ತೋರಿಸಿದರು. ಮುತ್ತಿನಂಥ ಕಾಯಿ! ಆಮೇಲೆ ಚೀಲಕ್ಕೆ ಚುಚ್ಚುವ ಮೊನಚಾದ ಕಬ್ಬಿಣದ ಕೊಳವೆಯನ್ನು ಚೀಲದ ಹೊಟ್ಟೆಗೆ ಚುಚ್ಚಿ ಎಳೆದರು. ಜೊಳ್ಳು, ಮಣ್ಣು, ಒಂದೆರಡು ಕಲ್ಲು.

"ಬಾಯಾಗಿನ ಕಾಳು ನೋಡಿ ಲಾಟು ಕೊಂಡವನು ಈ ಪೇಟ್ಯಾಗೆ ಉಳಿದಿಲ್ಲ ಮೇಷ್ಟ್ರೇ. ನಿಮ್ಮ ಗೆಳೆಯನಿಗೆ ಬರೀರಿ, ಹೊಟ್ಟೆಗೆ ಚುಚ್ಚಬೇಕು ಅಂತ."

ನನ್ನ ಪುಸ್ತಕಗಳಲ್ಲಿ ಇಷ್ಟು ಸೀದಾ ಯಾರೂ ಬರೆದಿರಲಿಲ್ಲ. ಅದೇ ದಿನ ಕಾಗದ ಹಾಕಿದೆ. ಗೆಳೆಯ ಕ್ಯಾಪ್ಟನ್ನನ್ನು ಕಾಡಿ ಬೇಡಿ ನೂರಿಪ್ಪತ್ತು, ನೂರೈವತ್ತು, ನೂರೆಂಬತ್ತು, ಇನ್ನೂರು ಮಾರಿಗೂ ಬಲೆ ಇಳಿಸಿದ. ತಿಂಗಳು ಕಳೆದ ಮೇಲೆ ದಾವಣಗೆರೆ ಸ್ಟೇಷನ್ನಿಗೇ ಸರಿಯಾಗಿ ಬಂದು ಬಿದ್ದವು ಎರಡು ದೊಡ್ಡ ಡಬ್ಬಿ, ಕಂಠಮಟ್ಟ ಶಾರ್ಕು! ಮೇಲೆಲ್ಲೋ ಒಂದೊಂದು ಸಿಗುತ್ತಿದ್ದದ್ದು ಕೆಳಗೆ ಗುಂಪುಗುಂಪಾಗಿ ಸಿಕ್ಕಿತ್ತು. ನಾನು ಕೋಣೆಯಲ್ಲಿ ಒಬ್ಬನೇ ಕುಣಿದೆ. ಸಾವ್ಕಾರರಿಗೆ ನನಗಿಂತ ಹೆಚ್ಚು ಖುಷಿ. ಒಂದು ವಾರ ಮಂಡಿಗೆ ಬಂದವರಿಗೆಲ್ಲ ಹೇಳಿದ್ದು ಇದೇ ಮಾತು: "ಸಮುದ್ರದವರೂ ಹುಷಾರಿ ಅದಾರಪ್ಪಾ. ಮ್ಯಾಲೆ ಒಂದು ತೋರಿಸಿ ಕೆಳಗೆ ಒಂದು ಇಟ್ಟಿದ್ರು. ನಾನು ಹಿಡಿದೆ!"

ಎರಡೇ ಮಕ್ಕಳ ತಾಯಿ

ಒಂದು ಶಾರ್ಕಿನ ಹೊಟ್ಟೆ ಉಬ್ಬಿದಂತೆ ಕಂಡು ಕೊಯ್ದು ನೋಡಿದರೆ ಒಳಗೆ ಎರಡು ಮರಿ! ಮೊಟ್ಟೆಯಲ್ಲ, ಸಾಕ್ಷಾತ್ ಮರಿ, ಕಣ್ಣು ಮೂಗು ಸಮೇತ. ನನಗೆ ಊಟ ಸೇರಲಿಲ್ಲ. ಅಪ್ಪನಿಗೆ ತೋರಿಸಿದರೆ ನನ್ನ ಕೆಲಸದ ಮೇಲೆ ಗೌರವ ಬಂದೀತೆಂದು ತಾಯಿ ಮರಿಗಳನ್ನು ಸೀಸೆಗೆ ಹಾಕಿಕೊಂಡು ಹರಿಹರದಲ್ಲಿ ಬಸ್ಸು ಹಿಡಿದೆ.

ಅಪ್ಪ ಸೀಸೆಯನ್ನು ಬಿಸಿಲಿಗೆ ಹಿಡಿದು ನೋಡಿ, "ಎಷ್ಟು ಹಾಕ್ತೈತೆ ಮರಿ?" ಎಂದರು.

"ಎರಡೇ."

"ನಮ್ಮ ಮೇಕೆನೂ ಅಷ್ಟೇ ಹಾಕ್ತೈತೆ," ಎಂದು ಸೀಸೆ ವಾಪಸ್ ಕೊಟ್ಟು ನಾಲೆ ಕಡೆ ಹೋದರು.

ನನ್ನ ಉತ್ಸಾಹಕ್ಕೆ ನೀರು ಬಿತ್ತು. ಆದರೆ ಅದೇ ದಿನ ಕುಟುಂಬ ಯೋಜನೆಯವರು ಶಾಲೆಯ ಕಟ್ಟೆಯ ಮೇಲೆ ಹೆಂಗಸರನ್ನು ಕೂಡಿಸಿಕೊಂಡು ಭಾಷಣ ಮಾಡುತ್ತಿದ್ದರು. ಜೋಲುಮುಖ ಹಾಕಿಕೊಂಡು ಹೋಗುತ್ತಿದ್ದ ನನ್ನ ಕೈಯ ಸೀಸೆ ನೋಡಿ ಆ ಅಧಿಕಾರಿ ವಿಚಾರಿಸಿದರು. ನಾನು ಹೇಳಿದ್ದೇ ತಡ, ಅವರ ಮುಖ ಅರಳಿತು. ಸೀಸೆ ಕಿತ್ತುಕೊಂಡು ಎತ್ತಿ ಹಿಡಿದರು.

"ನೋಡ್ರಮ್ಮಾ! ಇದು ಸಮುದ್ರದ ಮೀನು. ಇದಕ್ಕೆ ಓದಿಲ್ಲ, ಬರಹ ಇಲ್ಲ. ಆದರೂ ಎರಡೇ ಮಕ್ಕಳು ಸಾಕು ಅಂತ ಇದಕ್ಕೆ ಗೊತ್ತದೆ!"

ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಂದು ನೋಡಿದರು. ಕಡೆಗೆ ಸೊಂಟದಲ್ಲೊಂದು, ಸೆರಗು ಹಿಡಿದು ಮೂರು ಮಕ್ಕಳಿದ್ದ ಒಬ್ಬ ಗಟ್ಟಿಗಿತ್ತಿ ಬಂದಳು. ಮನೆಯಲ್ಲಿ ಇನ್ನೂ ನಾಲ್ಕಿದ್ದವು. ಸೀಸೆಯನ್ನು ದಿಟ್ಟಿಸಿ ನನ್ನನ್ನು ಕೇಳಿದಳು: "ಇದು ಎಲ್ಲಿ ಇರ್ತೈತೆ ಅಂದ್ರಿ?"

"ನೂರೆಂಬತ್ತು ಮಾರು ಆಳದಾಗೆ. ಬೆಳಕೂ ಬೀಳಂಗಿಲ್ಲ ಅಲ್ಲಿ."

"ಮತ್ತೆ! ಎರಡೇ ಹಡೆದು ಊರಾಗೆ ಹೆಂಗೆ ಮುಖ ತೋರಿಸ್ತೈತೆ? ಅದಕ್ಕೇ ಹೋಗಿ ಅಷ್ಟು ಆಳದಾಗೆ ಕುಂತೈತೆ."

ನಿಮ್ಮ ಬಂದರಿನ ಬಗ್ಗೆ

ಲೇಖನ ಬರೆದು ಬೊಂಬಾಯಿಯ ಒಂದು ವಿಜ್ಞಾನ ಪತ್ರಿಕೆಗೆ ಕಳಿಸಿದೆವು. ಅಲ್ಲಿಂದ ಬಂದ ಉತ್ತರದಲ್ಲಿ ಮೊದಲ ಪ್ರಶ್ನೆಯೇ ಹೀಗಿತ್ತು: 'ನಕ್ಷೆಯಲ್ಲಿ ದಾವಣಗೆರೆ ಎಂಬ ಬಂದರು ನಮಗೆ ಸಿಗುತ್ತಿಲ್ಲ. ನಿಮ್ಮ ಕೇಂದ್ರ ತೀರದಿಂದ ಎಷ್ಟು ದೂರದಲ್ಲಿದೆ?'

ಮುಖ್ಯಸ್ಥರು ತಲೆ ಕೆರೆದುಕೊಂಡರು. ಸುಳ್ಳು ಬರೆಯುವ ಜನ ಅಲ್ಲ. ನಿಜ ಬರೆದರೆ ಮರ್ಯಾದೆ ಉಳಿಯುವುದಿಲ್ಲ. ಕೊನೆಗೆ ಬರೆದರು: 'ಸದ್ಯಕ್ಕೆ ಸಮುದ್ರ ನಮ್ಮಿಂದ ಸ್ವಲ್ಪ ದೂರ ಸರಿದಿದೆ. ಕೋಟ್ಯಂತರ ವರ್ಷಗಳ ಹಿಂದಿನ ಸ್ಥಿತಿಯ ಬಗ್ಗೆ ಭೂಗರ್ಭಶಾಸ್ತ್ರ ವಿಭಾಗವನ್ನು ವಿಚಾರಿಸುತ್ತಿದ್ದೇವೆ.'

ಇದನ್ನು ಓದಿ ಪತ್ರಿಕೆಯವರು ನಕ್ಕರೋ ಹೆದರಿದರೋ ತಿಳಿಯದು. ಲೇಖನ ಅಚ್ಚು ಮಾಡುವ ಮೊದಲು ತಮ್ಮ ತಜ್ಞರೊಬ್ಬರು ಮೀನುಗಳನ್ನು ಕಣ್ಣಾರೆ ನೋಡುತ್ತಾರೆಂದೂ, ಬೆಂಗಳೂರಿನಿಂದ ಪೂನಾ ಕಡೆ ಹೋಗುವಾಗ ಸೋಮವಾರ ಬೆಳಿಗ್ಗೆ ದಾವಣಗೆರೆಯಲ್ಲಿ ಇಳಿಯುತ್ತಾರೆಂದೂ ತಂತಿ ಬಂತು. ಮುಖ್ಯಸ್ಥರು ತಂತಿಯನ್ನು ಎರಡು ಸಲ ಓದಿ ನನ್ನ ಭುಜ ಹಿಡಿದು ಹೇಳಿದರು: "ಅವರು ಬರೋದ್ರೊಳಗೆ ಸಮುದ್ರ ಅಂದ್ರೆ ಹೇಗಿರುತ್ತೆ ಅಂತ ಯಾರನ್ನಾದರೂ ಕೇಳಿಟ್ಟುಕೊ. ನಾನೂ ನೋಡಿಲ್ಲ."

ಅವ್ವ ಮಾಡಿದ ಕಾರ್ಯ

ತಜ್ಞರಿಗೆ ತಗಡಿನ ಡಬ್ಬಿಯಲ್ಲಿ ತೋರಿಸುವುದೇ? ಗಾಜಿನ ಜಾಡಿಗಳಲ್ಲಿ ಸಾಲಾಗಿ ಜೋಡಿಸಿಟ್ಟರೆ ಚಂದವೆಂದು ಜಾಡಿ ತರಲು ಶನಿವಾರ ಹುಬ್ಬಳ್ಳಿಗೆ ಹೊರಟೆ. ಹೊರಡುವ ಮೊದಲು ಎಲ್ಲ ಗಂಟುಗಳನ್ನೂ ಒಂದೇ ದೊಡ್ಡ ಡಬ್ಬಿಗೆ ಕ್ರಮವಾಗಿ ಇಟ್ಟೆ. ಕಡಿಮೆ ಆಳದ್ದು ಮೇಲೆ, ಹೆಚ್ಚು ಆಳದ್ದು ತಳಕ್ಕೆ, ಒಟ್ಟು ಎಂಟು ಗಂಟು. ಬೀಗದ ಕೈ ಸಾವ್ಕಾರರಿಗೆ ಕೊಟ್ಟೆ.

ಸೋಮವಾರ ಬೆಳಿಗ್ಗೆ ಜಾಡಿಗಳ ಬುಟ್ಟಿ ಹೊತ್ತು ದಾವಣಗೆರೆಯಲ್ಲಿ ಇಳಿದರೆ, ಅದೇ ಹೊತ್ತಿಗೆ ಬೆಂಗಳೂರು ಕಡೆಯ ಗಾಡಿಯೂ ಬಂದಿತ್ತು. ತೆಳ್ಳಗೆ ಉದ್ದಕ್ಕಿದ್ದ ತಜ್ಞರು ಕೊರಳಲ್ಲಿ ಕ್ಯಾಮರಾ ನೇತುಹಾಕಿಕೊಂಡು ಇಳಿದರು. ಮುಖ್ಯಸ್ಥರು ಹಾರ ಹಾಕಿದರು. ಮೂವರೂ ಒಂದೇ ಜಟಕಾದಲ್ಲಿ ಹೊರಟೆವು. ತಜ್ಞರಿಗೆ ಕನ್ನಡ ಬಾರದು. ಮುಖ್ಯಸ್ಥರು ಇಂಗ್ಲಿಷಿನಲ್ಲಿ ಮಾತು ಬಿಡುವಿಲ್ಲದೆ ಆಡುತ್ತಿದ್ದರು, ಸಮುದ್ರದ ವಿಷಯ ಬರದಂತೆ.

ಬಾಗಿಲಲ್ಲಿ ಸಾವ್ಕಾರರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಪಕ್ಕದಲ್ಲಿ ಅವರ ತಾಯಿ, ಎಪ್ಪತ್ತು ದಾಟಿದ ಅವ್ವ, ಮಿಂದು ಮಡಿಯುಟ್ಟು ನಗುತ್ತಾ ನಿಂತಿದ್ದರು. ಅವ್ವ ಕುಕ್ಕುವಾಡದ ರೈತರ ಮನೆಯ ಹೆಣ್ಣುಮಗಳು. ಕೈ ಗುದ್ದಲಿಯಲ್ಲೂ ಪಳಗಿದ್ದು, ಬಾಣಂತನದಲ್ಲೂ ಪಳಗಿದ್ದು.

"ಬರ್ರಿ, ಕೂಡ್ರಿ," ಎಂದರು ಅವ್ವ. "ಎಲ್ಲಾ ಮುಗಿಸೀನಿ."

"ಏನು ಮುಗಿಸೀರಿ ಅವ್ವಾ?"

"ನಿನ್ನ ಕೋಣ್ಯಾಗೆ ಇದ್ದವರ ಕಾರ್ಯ."

ನಾನು ಕೋಣೆಗೆ ಓಡಿದೆ. ಡಬ್ಬಿಯನ್ನು ತೊಳೆದು ಬೋರಲು ಹಾಕಿತ್ತು. ಒಂದು ಶಾರ್ಕೂ ಇರಲಿಲ್ಲ.

ಆದದ್ದು ಇಷ್ಟು. ದೊಡ್ಡ ಮನುಷ್ಯರು ಬರುತ್ತಾರಲ್ಲಾ, ಕಸ ಹೊಡೆದಿಡೋಣವೆಂದು ಅವ್ವ, ಎರಡು ದಿನದ ಖರೀದಿಗೆ ಹಳ್ಳಿಗಳ ಕಡೆ ಹೊರಟಿದ್ದ ಮಗನ ಬಳಿ ಬೀಗದ ಕೈ ಇಸಿದುಕೊಂಡಿದ್ದಾರೆ. ಔಷಧಿ ಚೆಲ್ಲೀತೆಂದು ಡಬ್ಬಿಯ ಮುಚ್ಚಳ ಸರಿಮಾಡಲು ಹೋಗಿದ್ದಾರೆ. ಒಳಗೆ ನೋಡಿದರೆ ಬಟ್ಟೆ ಸುತ್ತಿದ ಹೆಣಗಳು!

"ಎಷ್ಟು ದಿನ ಆತೋ ತಮ್ಮಾ ಇಟ್ಕೊಂಡು?" ಎಂದು ನನ್ನನ್ನೇ ಗದರಿದರು. "ಬಾಲಕ್ಕೆ ಚೀಟಿ ಕಟ್ಟಿ, ನೀರಾಗೆ ನೆನೆಹಾಕಿ! ಅವಕ್ಕೆ ಹಿಂದೆ ಮುಂದೆ ಯಾರೂ ಇಲ್ಲೇನು? ಶಿವನ ಮನ್ಯಾಗೆ ಸತ್ತವರನ್ನ ಮಣ್ಣು ಮಾಡದಂಗೆ ಬಿಡೋದುಂಟೇ?"

"ನೀನು ಮೀನು ಮುಟ್ಟಿದೇನವ್ವಾ?" ಎಂದರು ಸಾವ್ಕಾರರು ಸಣ್ಣ ದನಿಯಲ್ಲಿ.

"ಹೆಣಕ್ಕೆ ಮೀನೇನು ಮನುಷ್ಯ ಏನೋ? ನಮ್ಮಲ್ಲಿ ಸೂತಕ ಎಲ್ಲೈತೆ?"

ಹಿತ್ತಲಿಗೆ ಹೋದೆವು. ಮೆಣಸಿನ ಸಸಿ ಹಾಕಿದ ಹಾಗೆ ಸಾಲು ಸಾಲು ಪುಟ್ಟ ಗುಡ್ಡೆಗಳು. ಪ್ರತಿಯೊಂದರ ಮೇಲೂ ಕಣಗಲೆ ಹೂ. ಶನಿವಾರ ಮಧ್ಯಾಹ್ನದಿಂದ ಭಾನುವಾರ ಸಂಜೆಯವರೆಗೆ ಎಪ್ಪತ್ತು ದಾಟಿದ ಆ ಜೀವ ಒಂದೇ ಗುದ್ದಲಿ ಹಿಡಿದು ಎಲ್ಲರನ್ನೂ ಮಣ್ಣು ಮಾಡಿತ್ತು.

"ನಮ್ಮ ಪದ್ಧತಿ ಪ್ರಕಾರ ಕೂಡ್ರಿಸಬೇಕು. ಕೂಡ್ರಾಕ ಒಲ್ಲವು, ಹಾಳಾದವು. ಬಾಲದ ಮ್ಯಾಲೆ ನಿಲ್ಲಿಸೀನಿ," ಎಂದರು ಅವ್ವ.

ನನಗೆ ಅಳು ಬಂತು, ಮುಚ್ಚಿಡುವುದೇನು. ಇಡೀ ವರ್ಷದ ಕೆಲಸ ಮಣ್ಣುಪಾಲು. ಜೂನ್ ತಿಂಗಳು, ಭಾನುವಳ್ಳಿ, ಭತ್ತದ ಗದ್ದೆ, ಅಪ್ಪನ ನಗುಮುಖ ಎಲ್ಲಾ ಕಣ್ಣ ಮುಂದೆ ಬಂದವು. ಮುಖ್ಯಸ್ಥರು ತಜ್ಞರ ಮುಖ ನೋಡಲಾರದೆ ಕಣಗಲೆ ಗಿಡದ ಕಡೆ ತಿರುಗಿದ್ದರು.

ತಜ್ಞರು ಮಾತ್ರ ಸಾಲುಗಳನ್ನೇ ನೋಡುತ್ತಿದ್ದರು. "ಈ ಸಾಲು ಯಾಕೆ ಗಿಡ್ಡ, ಆ ಸಾಲು ಯಾಕೆ ಉದ್ದ, ಕೇಳಿ," ಎಂದರು. ಮುಖ್ಯಸ್ಥರು ಕೇಳಿದರು.

"ಒಂದು ಗಂಟಿನವರು ಒಂದು ಮನೆತನ ಅಲ್ಲೇನ್ರೀ? ಒಬ್ಬರನ್ನ ಇನ್ನೊಬ್ಬರ ಮನ್ಯಾಗೆ ಕಲಸಬಾರದು. ಗಂಟಿಗೊಂದು ಸಾಲು ಮಾಡೀನಿ. ಮ್ಯಾಲಿನ ಗಂಟು ಈ ಕಡೆ, ತಳದ ಗಂಟು ಆ ಕಡೆ. ಚೀಟಿ ಬಿಚ್ಚಿಲ್ಲ. ಶಿವ ಕೇಳಿದ್ರೆ ಎಲ್ಲಿಯವರು ಅಂತ ಹೇಳಬೇಕಲ್ಲ!"

ನನ್ನ ಅಳು ಅಲ್ಲೇ ನಿಂತಿತು. ತಜ್ಞರು ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತು ಇಡೀ ಹಿತ್ತಲನ್ನು ನೋಡಿದರು. ನಾನೂ ಹತ್ತಿದೆ. ಮೊದಲ ಸಾಲಿನಲ್ಲಿ ಒಂದೇ ಗುಡ್ಡೆ, ಎರಡನೆಯದರಲ್ಲಿ ಎರಡು, ಆಮೇಲೆ ಉದ್ದ, ಇನ್ನೂ ಉದ್ದ, ಆರನೆಯ ಸಾಲು ಗೋಡೆ ಮುಟ್ಟುವಷ್ಟು ಉದ್ದ, ಮತ್ತೆ ಏಳು ಎಂಟಕ್ಕೆ ಗಿಡ್ಡ. ನಾನು ತಿಂಗಳುಗಟ್ಟಲೆ ಕಾಗದದ ಮೇಲೆ ಬರೆಯಲು ಒದ್ದಾಡಿದ ನಕ್ಷೆ ನೆಲದ ಮೇಲೆ ಬಿದ್ದಿತ್ತು! ಯಾವ ಆಳದಲ್ಲಿ ಈ ಶಾರ್ಕು ತುಂಬಿದೆ ಎಂಬುದನ್ನು ಅವ್ವ ಗುದ್ದಲಿಯಲ್ಲಿ ಬರೆದಿದ್ದರು.

"ಕೆಲವಕ್ಕೆ ಎರಡು ಹೂ ಯಾಕೆ?" ಎಂದು ತಜ್ಞರು ಕಲ್ಲಿನ ಮೇಲಿಂದಲೇ ಕೂಗಿದರು, ಮುಖ್ಯಸ್ಥರು ಅದನ್ನು ಕನ್ನಡಕ್ಕೆ ತಿರುಗಿಸಿದರು.

"ಅವರು ಬಸುರಿಯರು. ಬಸುರಿಗೆ ಒಂದು ಹೂ ಹೆಚ್ಚು ಇಡಬೇಕು," ಎಂದರು ಅವ್ವ. "ಮುಟ್ಟಿದ್ರೆ ಗೊತ್ತಾಗಂಗಿಲ್ಲೇನು? ಊರ ಅರ್ಧ ಮಕ್ಕಳು ಈ ಕೈಯಾಗೇ ಬಂದಾವೆ."

ಎರಡು ಹೂ ಇದ್ದದ್ದು ಕೊನೆಯ ಎರಡು ಸಾಲಿನಲ್ಲಿ ಮಾತ್ರ! ಬಸುರಿಯರೆಲ್ಲ ಎಲ್ಲರಿಗಿಂತ ಕೆಳಗೆ ಹೋಗಿ ಇರುತ್ತಾರೆಂಬುದು ನನಗೇ ಗೊತ್ತಿರಲಿಲ್ಲ. ನಾನು ಕೊಯ್ದು ನೋಡಿದ್ದು ಒಂದೇ ಒಂದನ್ನು. ತಜ್ಞರು ಕಲ್ಲಿನಿಂದ ಹಾರಿದರು. ಮುಖ್ಯಸ್ಥರು ನನ್ನನ್ನು ಅಪ್ಪಿಕೊಂಡರು. ಸಾವ್ಕಾರರು ಏನಾಯಿತೆಂದು ತಿಳಿಯದೆಯೂ ಎಲ್ಲರಿಗೂ ಕೈ ಮುಗಿದರು.

ಆದರೆ ಒಂದು ತೊಡಕು. ಕೆಲವನ್ನಾದರೂ ತೆಗೆದು ಚೀಟಿ ನೋಡದೆ ತಜ್ಞರು ಒಪ್ಪುವಂತಿರಲಿಲ್ಲ. ಅವ್ವ ಗುಡ್ಡೆಗಳ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಇಟ್ಟವರನ್ನ ಎಬ್ಬಿಸೋದಾ? ಆಗಂಗಿಲ್ಲ."

ನಾನು ಕಾಲಿಗೆ ಬಿದ್ದೆ. "ಅವ್ವಾ, ಇವರು ನೋಡದಿದ್ರೆ ನನ್ನ ಕೆಲಸ ಹೋಗ್ತೈತೆ."

ಅವ್ವನ ಮುಖ ಮೆತ್ತಗಾಯಿತು. "ಹಂಗಂತ ಮೊದಲೇ ಹೇಳಬಾರದೇನೋ? ಸಾಲಿಗೊಬ್ಬರನ್ನ ನೋಡ್ಲಿ. ಆದ್ರೆ ಯಾರು ಎಬ್ಬಿಸ್ತಾರೋ ಅವರೇ ಮತ್ತೆ ಇಡಬೇಕು, ನಾ ಹೆಂಗೆ ಇಟ್ಟೀನೋ ಹಂಗೇ."

ಬೊಂಬಾಯಿಯ ತಜ್ಞರು ಕೋಟು ಬಿಚ್ಚಿ ಮಂಡಿಯೂರಿ ಕೂತರು. ಕೈಯಿಂದ ಮಣ್ಣು ಬಿಡಿಸಿ ಸಾಲಿಗೊಂದರಂತೆ ಎಂಟನ್ನು ತೆಗೆದರು. ಎಂಟರ ಚೀಟಿಯೂ ಸರಿ. ಎಂಟರ ನೆತ್ತಿಯ ಮೇಲೂ ಅವ್ವ ತಿದ್ದಿ ಎಳೆದ ಮೂರು ಬೆರಳಿನ ವಿಭೂತಿ! ಉಪ್ಪುಕಾಗದದಂಥ ಆ ಚರ್ಮದ ಮೇಲೆ ಒಣಗಿ ಗಟ್ಟಿಯಾಗಿ ಕೂತಿತ್ತು. ತಜ್ಞರು ಒಂದನ್ನು ಬೆಳಕಿಗೆ ಹಿಡಿದು ಫೋಟೋ ತೆಗೆದರು. ಆಮೇಲೆ ಅವ್ವ ಹೇಳಿದಂತೆ ತಾವೇ ಒಂದೊಂದಕ್ಕೂ ಮತ್ತೆ ವಿಭೂತಿ ಹಚ್ಚಿ, ಬಾಲದ ಮೇಲೆ ನಿಲ್ಲಿಸಿ, ಮಣ್ಣು ಮುಚ್ಚಿ, ಹೂವಿಟ್ಟು, ಕೈ ಮುಗಿದು ಎದ್ದರು. ಅವ್ವ ಅವರಿಗೆ 'ಕೈಗುಣ ಚಲೋ ಐತೆ' ಎಂದು ಸರ್ಟಿಫಿಕೇಟ್ ಕೊಟ್ಟರು.

ಲೇಖನ ಫೋಟೋ ಸಮೇತ ಅಚ್ಚಾಯಿತು. ಜೂನ್‌ನಲ್ಲಿ ನಾನು ಖಾಯಂ ಲೆಕ್ಚರರ್ ಆದೆ! ಅಪ್ಪ ಎರಡು ದಿನ ಮಾತು ಬಿಟ್ಟರು, ಮೂರನೇ ದಿನ ಹೊಸ ಭತ್ತದ ಅಕ್ಕಿ ಕಳಿಸಿದರು.

ಆರು ತಿಂಗಳ ಮೇಲೆ ವಿದೇಶದ ಒಬ್ಬ ಶಾರ್ಕು ಪಂಡಿತರಿಂದ ಪತ್ರ ಬಂತು. 'ನಿಮ್ಮ ಲೇಖನ ಅದ್ಭುತ. ಆದರೆ ಚಿತ್ರದಲ್ಲಿರುವ ಮೀನಿನ ನೆತ್ತಿಯ ಮೇಲೆ ಮೂರು ಬಿಳಿ ಅಡ್ಡಪಟ್ಟಿಗಳಿವೆ. ಬೇರೆ ಯಾವ ಸಮುದ್ರದ ಮೀನಿನಲ್ಲೂ ನಾನು ಇದನ್ನು ಕಂಡಿಲ್ಲ. ಇದು ಹೊಸ ಜಾತಿಯೇ ಇರಬಹುದು. ಈ ಪಟ್ಟಿಗಳು ಯಾವ ವಯಸ್ಸಿನಲ್ಲಿ ಮೂಡುತ್ತವೆ? ಪಟ್ಟಿಯುಳ್ಳ ಮೀನುಗಳು ಎಲ್ಲಿ, ಎಷ್ಟು ಆಳದಲ್ಲಿ ಸಿಗುತ್ತವೆ? ದಯವಿಟ್ಟು ತಿಳಿಸಿ.'

ಮುಖ್ಯಸ್ಥರು ಆಗಲೇ ಹೇಳಿದೆನಲ್ಲ, ಸುಳ್ಳು ಬರೆಯುವ ಜನ ಅಲ್ಲ. ಕನ್ನಡಕ ಒರೆಸಿಕೊಂಡು, ಪೆನ್ನಿಗೆ ಮಸಿ ತುಂಬಿ, ಕೇಳಿದ ಕ್ರಮದಲ್ಲೇ ಉತ್ತರ ಬರೆದರು:

'ವಯಸ್ಸು: ಸತ್ತ ಮೇಲೆ. ಸ್ಥಳ: ದಾವಣಗೆರೆ, ಸಮುದ್ರಮಟ್ಟದಿಂದ ಎರಡು ಸಾವಿರ ಅಡಿ ಎತ್ತರ. ಆಳ: ಒಂದು ಮೊಳ.'